ತೋಟಕ್ಕೆ ಬಂದ ಸಿ.ಆರ್.ಓ.

ಮಲ್ಟಿಮೀಟರ್ ಹೇಳುವುದು ನಿಜವೇ, ಆದರೆ ಅದು ಸರಾಸರಿಯ ನಿಜ. 4.0 ವೋಲ್ಟ್ ಎಂದು ತೋರಿಸಿತೆಂದರೆ ಈಗಷ್ಟೇ ಕಳೆದ ಅರ್ಧ ಸೆಕೆಂಡಿನಲ್ಲಿ ಒಟ್ಟಾರೆ ಅಷ್ಟಿತ್ತು ಎಂದರ್ಥ. ಆ ಅರ್ಧ ಸೆಕೆಂಡಿನೊಳಗೆ ವೋಲ್ಟೇಜು ಒಮ್ಮೆ ಕುಸಿದು ಮತ್ತೆ ಎದ್ದು ನಿಂತಿದ್ದರೆ ಮೀಟರಿಗೆ ಸುಳಿವೇ ಸಿಗುವುದಿಲ್ಲ. ಮೈಕ್ರೋಕಂಟ್ರೋಲರಿಗೆ ಮಾತ್ರ ಸಿಕ್ಕಿರುತ್ತದೆ. ಅದು ಅಷ್ಟರಲ್ಲಿ ರೀಸೆಟ್ ಆಗಿ ತನ್ನ ಕೆಲಸವನ್ನು ಮೊದಲಿನಿಂದ ಶುರು ಮಾಡಿರುತ್ತದೆ. ಎಲೆಕ್ಟ್ರಾನಿಕ್ಸನ್ನು ಹವ್ಯಾಸವಾಗಿ ಹಚ್ಚಿಕೊಂಡವರಿಗೆ ಇಂಥದ್ದೊಂದು ರಗಳೆ ಎದುರಾದಾಗಲೇ ಆಸಿಲೋಸ್ಕೋಪ್ ಬೇಕು ಅನ್ನಿಸುವುದು. ವೋಲ್ಟೇಜು ಎಷ್ಟಿದೆ ಎಂಬುದರ ಜೊತೆಗೆ ಯಾವಾಗ ಏನಾಯಿತು ಎಂಬುದನ್ನೂ ಗೆರೆ ಎಳೆದು ತೋರಿಸುವ ಉಪಕರಣ ಅದು.

ನಮ್ಮಲ್ಲಿ ಡಿಪ್ಲೊಮಾ, ಬಿ.ಇ. ಓದಿದವರಿಗೆ ಅದು ಸಿ.ಆರ್.ಓ., ಅಂದರೆ ಕ್ಯಾಥೋಡ್ ರೇ ಆಸಿಲೋಸ್ಕೋಪ್. ಲ್ಯಾಬಿನ ಮೇಜಿನ ಮೇಲೆ ಒಂದು ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ, ಅದರ ಎಡಗಡೆ ಅಂಗೈ ಅಗಲದ ಪರದೆ, ಬಲಗಡೆ ತುಂಬ ಗುಬುಟುಗಳು. ಒಂದು ಸಿ.ಆರ್.ಓ.ಗೆ ನಾಲ್ಕೈದು ಹುಡುಗರ ಬ್ಯಾಚು. ಒಬ್ಬ ಟೈಮ್‌ಬೇಸ್ ತಿರುಗಿಸುವವನು, ಇನ್ನೊಬ್ಬ ಗ್ರಾಫ್ ಶೀಟಿನಲ್ಲಿ ಬರೆದುಕೊಳ್ಳುವವನು, ಉಳಿದವರು ಭುಜದ ಮೇಲಿಂದ ಇಣುಕುವವರು. ಗುಬುಟು ತಿರುಗಿಸುತ್ತ ತಿರುಗಿಸುತ್ತ ಓಡುತ್ತಿದ್ದ ಹಸಿರು ಗೆರೆ ತಟ್ಟನೆ ನಿಂತು ಸೈನ್ ವೇವ್ ಆಗುವುದನ್ನು ನೋಡಿದ ಸಂತೋಷ ನನ್ನಲ್ಲಿ ಇನ್ನೂ ಹಸಿಯಾಗಿದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಲ್ಯಾಬಿಗೆ ಬೀಗ ಬೀಳುತ್ತಿತ್ತು. ಮನೆಯಲ್ಲಿ ನಾವು ಬೆಸುಗೆ ಹಾಕಿದ ಸರ್ಕ್ಯೂಟು ಮನೆಯಲ್ಲೇ ಕುರುಡಾಗಿ ಉಳಿಯುತ್ತಿತ್ತು.

ಆ ಹಸಿರು ಗೆರೆಯ ಮೂಲ 1897ರಲ್ಲಿದೆ. ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಭೌತವಿಜ್ಞಾನಿ ಸ್ಟ್ರಾಸ್‌ಬರ್ಗಿನಲ್ಲಿ ಕ್ಯಾಥೋಡ್ ಕಿರಣವನ್ನು ಅಯಸ್ಕಾಂತದಿಂದ ಬಾಗಿಸಿ, ವಿದ್ಯುತ್ತು ಏರಿಳಿಯುವುದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಅವರಿಗೆ 1909ರಲ್ಲಿ ನೊಬೆಲ್ ಬಂದದ್ದು ಮಾರ್ಕೋನಿ ಜೊತೆಯಲ್ಲಿ, ನಿಸ್ತಂತು ಸಂದೇಶದ ಕೆಲಸಕ್ಕಾಗಿ. ಆದರೆ ನಮ್ಮಂಥವರು ಅವರನ್ನು ನೆನೆಯಬೇಕಾದದ್ದು ಆ ಗಾಜಿನ ಕೊಳವೆಗಾಗಿ. ಅಲ್ಲಿಂದ ಐವತ್ತು ವರ್ಷಕ್ಕೆ, 1947ರಲ್ಲಿ, ಅಮೆರಿಕದ ಆರೆಗಾನ್ ರಾಜ್ಯದ ಟೆಕ್ಟ್ರಾನಿಕ್ಸ್ ಕಂಪನಿ 511 ಎಂಬ ಮಾದರಿಯನ್ನು ತಂದಿತು. ಅದರ ದೊಡ್ಡ ಗುಣ ಟ್ರಿಗರ್. ಅದಕ್ಕೂ ಹಿಂದಿನ ಹೆಚ್ಚಿನ ಸ್ಕೋಪುಗಳಲ್ಲಿ ಗೆರೆ ತನ್ನ ಪಾಡಿಗೆ ತಾನು ಓಡುತ್ತಿತ್ತು; ಚಿತ್ರವನ್ನು ನಿಲ್ಲಿಸಲು ನೋಡುವವನೇ ಒದ್ದಾಡಬೇಕಿತ್ತು. ಟ್ರಿಗರ್ ಬಂದ ಮೇಲೆ, ಸಿಗ್ನಲ್ ನಾವು ಹೇಳಿದ ಮಟ್ಟವನ್ನು ದಾಟಿದಾಗ ಮಾತ್ರ ಗೆರೆ ಹೊರಡಬೇಕು ಎಂದಾಯಿತು. ಇವತ್ತು ಟ್ಯಾಬ್ಲೆಟ್ಟಿನ ಪರದೆಯ ಅಂಚಿನಲ್ಲಿ ಬೆರಳಿನಿಂದ ಮೇಲೆ ಕೆಳಗೆ ಎಳೆಯುವ ಸಣ್ಣ ಬಾಣದ ಗುರುತು ಆ ಟ್ರಿಗರಿನ ಮಟ್ಟವೇ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಕಿರಣದ ಜಾಗಕ್ಕೆ ಅಂಕಿಗಳು ಬಂದವು. 1990ರ ದಶಕದ ಆರಂಭಕ್ಕೇ ಫ್ಲೂಕ್‌ನಂಥವರು ಬ್ಯಾಟರಿ ಹಾಕಿ ಕೈಯಲ್ಲಿ ಹಿಡಿಯುವ ಸ್ಕೋಪನ್ನು ಮಾಡಿದ್ದರು, ಆದರೆ ಅದು ಕಾರ್ಖಾನೆಗಳಿಗೆ ಎಟುಕುವ ಬೆಲೆ. ಹವ್ಯಾಸಿಗಳ ಕೈಗೆ ಟ್ಯಾಬ್ಲೆಟ್ ರೂಪದ ಸ್ಕೋಪನ್ನು ತಂದಿಟ್ಟವರು ಮಿಕ್‌ಸಿಗ್, ಓವಾನ್, ಹ್ಯಾಂಟೆಕ್, ಫ್ನಿರ್ಸಿ ಮುಂತಾದ ಚೀನಾದ ತಯಾರಕರು. ಕೆಲವು ಒಳ್ಳೆಯವು, ಕೆಲವು ಆಡಿದಷ್ಟು ಮಾಡದವು. ನಾನು ಬಳಸುವುದು ಮಧ್ಯಮ ದರ್ಜೆಯದು: ಎಂಟು ಇಂಚಿನ ಟಚ್ ಪರದೆ, ನಾಲ್ಕು ಚಾನೆಲ್, 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್, ಸೆಕೆಂಡಿಗೆ 100 ಕೋಟಿ ಸ್ಯಾಂಪಲ್, ಒಳಗೆ ಬ್ಯಾಟರಿ. ಇಷ್ಟೆಲ್ಲ ಬರೆದರೂ ಅದರ ನಿಜವಾದ ಗುಣವನ್ನು ಹೇಳಿದಂತಾಗಲಿಲ್ಲ. ಅದು ಗೊತ್ತಾಗಬೇಕಾದರೆ ತೀರ್ಥಹಳ್ಳಿ ಕಡೆಯ ಒಂದು ಪಂಪ್ ಶೆಡ್ಡಿಗೆ ಹೋಗಬೇಕು.

ಭಾವನ ಅಡಿಕೆ ತೋಟದ ಕೆಳಗೆ ಹಳ್ಳ. ಹಳ್ಳದ ಬದಿಯಲ್ಲಿ ಪಂಪು. ತ್ರೀ ಫೇಸ್ ಕರೆಂಟು ಬರುವುದೇ ಅಪರಾತ್ರಿಯಲ್ಲಾದರೆ ಟಾರ್ಚು ಹಿಡಿದು ಜಾರುವ ಮೆಟ್ಟಿಲಿಳಿದು ಹೋಗಿ ಸ್ವಿಚ್ಚು ಹಾಕಬೇಕು. ಇದನ್ನು ತಪ್ಪಿಸಲೆಂದು ಭಾವನ ಮಗ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಮೊಬೈಲಿನಿಂದ ಕರೆ ಮಾಡಿದರೆ ಪಂಪು ಚಾಲೂ ಆಗುವಂಥ ಡಬ್ಬಿಯೊಂದನ್ನು ತಾನೇ ಮಾಡಿದ್ದ. ಒಳಗೆ ಸಿಮ್ ಹಾಕುವ ಜಿಎಸ್‌ಎಂ ಮಾಡ್ಯೂಲು, ಒಂದು ಮೈಕ್ರೋಕಂಟ್ರೋಲರ್, ಸ್ಟಾರ್ಟರಿನ ಕಾಯಿಲನ್ನು ಎಳೆಯುವ ರಿಲೇ, ಇವಕ್ಕೆಲ್ಲ ಕರೆಂಟು ಕೊಡಲು 12 ವೋಲ್ಟಿನ ಬ್ಯಾಟರಿ, ಅದನ್ನು 4 ವೋಲ್ಟಿಗೆ ಇಳಿಸುವ ಕನ್ವರ್ಟರು. ಅಚ್ಚುಕಟ್ಟಾದ ಕೆಲಸ.

“ಮಾವ, ರೂಮಲ್ಲಿ ಇಟ್ಕೊಂಡು ಎಷ್ಟು ಸಲ ಕಾಲ್ ಮಾಡಿದ್ರೂ ಒಂದ್ಸಲಾನೂ ಕೈ ಕೊಟ್ಟಿಲ್ಲ. ಇಲ್ಲಿಗೆ ತಂದ್ರೆ ಒಂದು ರಿಂಗ್ ಆಗೋದ್ರೊಳಗೆ ಸತ್ತೇ ಹೋಗುತ್ತೆ” ಎಂದು ಅವನು ಫೋನಿನಲ್ಲಿ ಹೇಳಿದಾಗ ದನಿಯಲ್ಲಿ ಬೇಸರವಿತ್ತು. ಭಾವ ಹಿಂದಿನಿಂದ, “ಅದನ್ನ ಬಿಚ್ಚಿ ಶಿವಮೊಗ್ಗಕ್ಕೇ ಒಯ್ಯಿ ಮಾರಾಯ, ಅಲ್ಲಿ ಸರಿ ಇರುತ್ತಲ್ಲ” ಎನ್ನುತ್ತಿದ್ದರು. ಡಬ್ಬಿಯನ್ನು ನನ್ನ ಮೇಜಿಗೆ ಕಳಿಸಿದ್ದರೂ ಅದು ಸರಿಯಾಗೇ ನಡೆಯುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಕಾರಣ ಇಷ್ಟೆ. ಹಳೆಯ ಜಿಎಸ್‌ಎಂ ವ್ಯವಸ್ಥೆಯಲ್ಲಿ ಟವರ್ ಹತ್ತಿರವಿದ್ದರೆ ಫೋನು ಮೆಲ್ಲಗೆ ಮಾತಾಡುತ್ತದೆ, ದೂರವಿದ್ದರೆ ಕಿರುಚುತ್ತದೆ. 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಅದರ ಕಿರುಚಾಟ 2 ವ್ಯಾಟಿನವರೆಗೂ ಹೋಗುತ್ತದೆ. ಅದೂ ಒಂದೇ ಸಮನೆ ಅಲ್ಲ, ಪ್ರತಿ 4.615 ಮಿಲಿಸೆಕೆಂಡಿಗೊಮ್ಮೆ ತನ್ನ ಸರದಿ ಬಂದಾಗ 577 ಮೈಕ್ರೋಸೆಕೆಂಡು ಮಾತ್ರ. ಸೆಕೆಂಡಿಗೆ ಸುಮಾರು 217 ಸಲ. ಕೆಲವು ವರ್ಷಗಳ ಹಿಂದೆ ರೇಡಿಯೋ ಪಕ್ಕದಲ್ಲಿ ಮೊಬೈಲ್ ಇಟ್ಟಿದ್ದರೆ ಕರೆ ಬರುವ ಮೊದಲೇ ಸ್ಪೀಕರಿನಲ್ಲಿ ‘ಟರ್ರ್ ಟರ್ರ್’ ಎಂದು ಕೇಳುತ್ತಿತ್ತಲ್ಲ, ಅದು ಇದೇ 217ರ ಸದ್ದು. ಆ ಒಂದೊಂದು ಸರದಿಯಲ್ಲೂ ಮಾಡ್ಯೂಲು 2 ಆಂಪಿಯರಿನವರೆಗೆ ಕರೆಂಟು ಎಳೆಯಬಲ್ಲದು. ಶಿವಮೊಗ್ಗದ ರೂಮಿನಲ್ಲಿ ಅದಕ್ಕೆ ಕಿರುಚುವ ಪ್ರಮೇಯವೇ ಇಲ್ಲ. ಹಳ್ಳದ ತಗ್ಗಿನಲ್ಲಿ, ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ ಅನ್ನುವ ಕಡೆ, ಪ್ರತಿ ಸಲವೂ ಪೂರ್ತಿ ಕಿರುಚಬೇಕು. ಕಾಯಿಲೆ ಇರುವುದು ಡಬ್ಬಿಯಲ್ಲಿ, ಆದರೆ ಅದು ಹೊರಬೀಳುವುದು ಆ ತಗ್ಗಿನಲ್ಲಿ ಮಾತ್ರ. ಲ್ಯಾಬಿನ ಸಿ.ಆರ್.ಓ. ಎಷ್ಟೇ ಒಳ್ಳೆಯದಿರಲಿ, ಇಂಥ ಕಾಯಿಲೆಯ ಮುಂದೆ ಅದು ಇದ್ದೂ ಇಲ್ಲದಂತೆ.

ಟ್ಯಾಬ್ಲೆಟ್ಟನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಕೆಳಗಿಳಿದೆವು. ಶೆಡ್ಡಿನ ಬಾಗಿಲಲ್ಲಿ ಬಿಸಿಲು ನೇರ ಪರದೆಗೆ ಬಡಿಯುತ್ತಿತ್ತು, ಗೆರೆ ಕಾಣಿಸದು. ಭಾವ ತಮ್ಮ ಹಾಳೆ ಟೊಪ್ಪಿ ತೆಗೆದು ಅಡ್ಡ ಹಿಡಿದರು. ಮಾಡ್ಯೂಲಿನ ಸಪ್ಲೈ ಪಿನ್ನಿಗೆ ಮೊದಲ ಚಾನೆಲಿನ ಪ್ರೋಬು. ಮಾಡ್ಯೂಲು ಮೈಕ್ರೋಕಂಟ್ರೋಲರಿನೊಡನೆ ಮಾತಾಡುವ ತಂತಿಗೆ ಎರಡನೆಯ ಚಾನೆಲ್. ಟೈಮ್‌ಬೇಸ್ ಒಂದು ಚೌಕಕ್ಕೆ 1 ಮಿಲಿಸೆಕೆಂಡು. ಟ್ರಿಗರ್ 3.5 ವೋಲ್ಟಿನಲ್ಲಿ, ಇಳಿಯುವ ಅಂಚಿಗೆ, ‘ಸಿಂಗಲ್’ನಲ್ಲಿ. ಎಂದರೆ ವೋಲ್ಟೇಜು 3.5ಕ್ಕಿಂತ ಕೆಳಗಿಳಿದ ಮೊದಲ ಗಳಿಗೆಯನ್ನು ಹಿಡಿದು ನಿಲ್ಲಿಸು, ಅಲ್ಲಿಯತನಕ ಸುಮ್ಮನೆ ಕಾಯಿ ಎಂದು ಹೇಳಿದ ಹಾಗೆ. ಈ ಕಾಯುವ ಗುಣವೇ ಡಿಜಿಟಲ್ ಸ್ಕೋಪಿನ ಪ್ರಾಣ ಎಂದು ನಾನು ನಂಬಿದ್ದೇನೆ. ಹಳೆಯ ಹಸಿರು ಗೆರೆ ಒಮ್ಮೆ ಮಾತ್ರ ಆಗುವ ಘಟನೆಯನ್ನು ಮಿಂಚಿನಂತೆ ತೋರಿಸಿ ಮಾಯವಾಗುತ್ತಿತ್ತು. ಇದು ಹಿಡಿದಿಟ್ಟುಕೊಳ್ಳುತ್ತದೆ, ಟ್ರಿಗರಿಗೆ ಹಿಂದೆ ಏನಾಗಿತ್ತು ಎಂಬುದನ್ನೂ ಸೇರಿಸಿ.

ಹುಡುಗ ಮೆಟ್ಟಿಲು ಹತ್ತಿ ಮನೆಯ ಫೋನಿನಿಂದ ಕರೆ ಮಾಡಿದ. ಪರದೆ ತಟಕ್ಕನೆ ನಿಂತಿತು. 4.0 ವೋಲ್ಟಿನಲ್ಲಿ ನೇರ ಬಂದ ಹಳದಿ ಗೆರೆ ಒಂದೇಟಿಗೆ 3.1ಕ್ಕೆ ಬಿದ್ದು, ಅರ್ಧ ಚೌಕಕ್ಕಿಂತ ಚೂರು ಹೆಚ್ಚು ಹೊತ್ತು ಅಲ್ಲೇ ಇದ್ದು, ಮತ್ತೆ 4.0ಕ್ಕೆ ಏರಿತ್ತು. ನಾಲ್ಕೂವರೆ ಚೌಕದಾಚೆ ಮತ್ತೆ ಅದೇ ಹಳ್ಳ. ಎರಡು ಬೆರಳಿಂದ ಹಿಗ್ಗಿಸಿ, ಕರ್ಸರ್ ಗೆರೆಗಳನ್ನು ಹಳ್ಳದ ಎರಡು ದಡಗಳಿಗೆ ಎಳೆದಿಟ್ಟರೆ ಓದಿದ್ದು 577 ಮೈಕ್ರೋಸೆಕೆಂಡು. ಮಾಡ್ಯೂಲಿಗೆ ಕನಿಷ್ಠ ಬೇಕಾದ್ದು 3.4 ವೋಲ್ಟು. ಸಾಯದೆ ಇನ್ನೇನು ಮಾಡೀತು? ಗೆರೆಯನ್ನು ಎಡಕ್ಕೆ ಸರಿಸುತ್ತ ಹೋದರೆ ಎರಡನೆಯ ಚಾನೆಲಿನ ಕೆಳಗೆ ಡಿಕೋಡರ್ ಅಕ್ಷರಗಳನ್ನು ಬರೆದಿತ್ತು. ಮಾಡ್ಯೂಲು ‘ರಿಂಗ್’ ಎಂಬ ಪದವನ್ನು ಕಳಿಸಲು ಹೊರಟು ಮೊದಲ ಎರಡು ಅಕ್ಷರಗಳಲ್ಲೇ ಕಡಿದುಹೋಗಿತ್ತು. ವೋಲ್ಟೇಜು ಎಲ್ಲಿ ಬಿತ್ತು, ಮಾತು ಎಲ್ಲಿ ನಿಂತಿತು ಎಂಬುದು ಒಂದೇ ಪರದೆಯಲ್ಲಿ ಒಂದರ ಕೆಳಗೊಂದು. ಹುಡುಗ ಏದುಸಿರು ಬಿಡುತ್ತ ಓಡಿ ಬಂದು ನೋಡಿದವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಮೀಟರಲ್ಲಿ ನಾಲ್ಕೇ ತೋರಿಸ್ತಿತ್ತಲ್ಲ ಮಾವ” ಅಂದ.

ಉಳಿದದ್ದು ಓಮ್‌ನ ನಿಯಮ. 0.9 ವೋಲ್ಟನ್ನು 2 ಆಂಪಿಯರಿನಿಂದ ಭಾಗಿಸಿದರೆ 0.45 ಓಮ್. ಕನ್ವರ್ಟರಿನಿಂದ ಮಾಡ್ಯೂಲಿಗೆ ಬಂದಿದ್ದ ಉದ್ದನೆಯ ತೆಳು ಜಂಪರ್ ವೈರು, ಅದರ ಎರಡು ತುದಿಯ ಸಡಿಲ ಪಿನ್ನುಗಳು, ಇವೆಲ್ಲ ಸೇರಿದರೆ ಅಷ್ಟು ಸುಲಭವಾಗಿ ಆಗುತ್ತದೆ. ಮಲ್ಟಿಮೀಟರಿನಲ್ಲಿ ಇಷ್ಟು ಸಣ್ಣ ಓಮನ್ನು ನಂಬಿ ಅಳೆಯಲೂ ಆಗದು, ಅದರ ಸ್ವಂತ ವೈರುಗಳೇ ಅದರ ಅರ್ಧದಷ್ಟಿರುತ್ತವೆ. ದಪ್ಪ ವೈರನ್ನು ಚಿಕ್ಕದಾಗಿ ಕತ್ತರಿಸಿ ನೇರ ಬೆಸುಗೆ ಹಾಕಿದೆವು. ಮಾಡ್ಯೂಲಿನ ಪಿನ್ನಿನ ಬುಡದಲ್ಲೇ 2200 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಕೂರಿಸಿದೆವು. ಕೆಪಾಸಿಟರ್ ಯಾಕೆ ಎಂದು ಭಾವ ಕೇಳಿದರು. ಹೇಳಿದ್ದನ್ನು ಕೇಳಿ, “ನಲ್ಲಿ ಸಣ್ಣ ಇದ್ರೆ ಸ್ನಾನಕ್ಕೆ ಮೊದಲೇ ಹಂಡೆ ತುಂಬಿಸಿ ಇಟ್ಕೊಂಡ ಹಾಗೆ” ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆದರೆ ಹಂಡೆಯೊಂದನ್ನೇ ನಂಬುವಂತಿಲ್ಲ. 2 ಆಂಪಿಯರು 577 ಮೈಕ್ರೋಸೆಕೆಂಡು ಹರಿದರೆ 2200 ಮೈಕ್ರೋಫ್ಯಾರಡ್ ಒಂದೇ ಅದನ್ನು ಹೊತ್ತಾಗ ಅರ್ಧ ವೋಲ್ಟಿನಷ್ಟು ಇಳಿಯುತ್ತದೆ. ನಲ್ಲಿಯೂ ದಪ್ಪವಾಗಬೇಕು. ಎರಡೂ ಆದ ಮೇಲೆ ಮತ್ತೆ ಕರೆ ಮಾಡಿದರೆ ಸ್ಕೋಪು ಕಾಯುತ್ತಲೇ ಕುಳಿತಿತು, 3.5ರ ಗೆರೆಯನ್ನು ಯಾರೂ ಮುಟ್ಟಲಿಲ್ಲ. ಟ್ರಿಗರನ್ನು ಮೇಲೆ ಏರಿಸಿ ನೋಡಿದಾಗ ಹಳ್ಳದ ಜಾಗದಲ್ಲಿ ಒಂದು ಸಣ್ಣ ತಗ್ಗು ಮಾತ್ರ ಇತ್ತು. ಪಂಪು ಗರ್ರೆಂದಿತು.

ಟ್ಯಾಬ್ಲೆಟ್ ಸ್ಕೋಪು ಕೊಳ್ಳುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬ್ಯಾಂಡ್‌ವಿಡ್ತ್ ಎಷ್ಟಿರಬೇಕು ಎಂದು. ತೋಟದ ಕೆಲಸಕ್ಕೆ 1 ಮೆಗಾಹರ್ಟ್ಸ್ ಇದ್ದರೂ ಧಾರಾಳವಾಗಿತ್ತು. ಆದರೆ ಡಬ್ಬದ ಮೇಲೆ 100 ಮೆಗಾಹರ್ಟ್ಸ್ ಎಂದು ಬರೆದಿದ್ದರೆ, ಅದು 100 ಮೆಗಾಹರ್ಟ್ಸ್‌ನ ಸೈನ್ ವೇವನ್ನು ಅದರ ನಿಜವಾದ ಎತ್ತರದ ನೂರಕ್ಕೆ 70ರಷ್ಟಾಗಿ ತೋರಿಸುತ್ತದೆ ಎಂದಷ್ಟೇ ಅರ್ಥ, ಪೂರ್ತಿಯಾಗಿ ಅಲ್ಲ. ಆರ್ಡುಯಿನೋದ 16 ಮೆಗಾಹರ್ಟ್ಸ್‌ನ ಚೌಕ ಅಲೆ ಚೌಕವಾಗಿಯೇ ಕಾಣಬೇಕಾದರೆ ಅದರ ಮೂರರಷ್ಟು, ಐದರಷ್ಟು ಆವರ್ತನಗಳೂ, ಅಂದರೆ 48, 80 ಮೆಗಾಹರ್ಟ್ಸ್‌ನವೂ ದಾಟಿ ಬರಬೇಕು. 20 ಮೆಗಾಹರ್ಟ್ಸ್‌ನ ಸ್ಕೋಪಿನಲ್ಲಿ ಅದು ಮೂಲೆ ಸವೆದು ಸೈನ್ ವೇವಿನಂತೆ ಕಾಣುತ್ತದೆ. ಅಗ್ಗದ ಟ್ಯಾಬ್ಲೆಟ್ಟುಗಳ ದೊಡ್ಡ ದೋಷ ಇಲ್ಲಿಯೇ. ಗೆಳೆಯರೊಬ್ಬರು ಕೊಂಡ ಒಂದರ ಮೇಲೆ 100 ಎಂದು ದಪ್ಪಕ್ಷರದಲ್ಲಿತ್ತು. ಪರೀಕ್ಷೆ ಮಾಡುವುದು ಕಷ್ಟವಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುವ 74ಎಸಿ14 ಎಂಬ ಐಸಿಯಿಂದ ಒಂದೆರಡು ನ್ಯಾನೋಸೆಕೆಂಡಿನಲ್ಲಿ ಮೇಲೇರುವ ಅಂಚೊಂದನ್ನು ಹುಟ್ಟಿಸಬಹುದು. 0.35ನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿದರೆ ಸ್ಕೋಪಿನ ಏರುವ ಸಮಯ. 100 ಮೆಗಾಹರ್ಟ್ಸ್ ನಿಜವಾಗಿದ್ದರೆ 3.5 ನ್ಯಾನೋಸೆಕೆಂಡು. ಗೆಳೆಯರ ಪರದೆಯಲ್ಲಿ ಆ ಅಂಚು ನಿಧಾನವಾಗಿ 10 ನ್ಯಾನೋಸೆಕೆಂಡು ತೆಗೆದುಕೊಂಡು ಏರಿತು. ಅಂದರೆ ಹೆಚ್ಚೆಂದರೆ 35 ಮೆಗಾಹರ್ಟ್ಸ್. 35 ಎಂದೇ ಬರೆದು ಮಾರಿದ್ದರೆ ಆ ಬೆಲೆಗೆ ಅದು ಒಳ್ಳೆಯ ಉಪಕರಣವೇ. ಕಲಿಯುವ ಹುಡುಗರ ಕೈಗೆ ಹೋಗುವ ಅಳತೆಯ ಸಾಧನದ ಮೇಲೆಯೇ ಸುಳ್ಳು ಅಳತೆ ಬರೆಯುವುದು ನನಗೆ ಸಹಿಸಲಾಗದ ಸಂಗತಿ.

ಮೆಮೊರಿಯನ್ನು ಜನ ಕೇಳುವುದಿಲ್ಲ, ಕೇಳಬೇಕು. ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ತೆಗೆಯುವ ಸ್ಕೋಪಿಗೆ 2.8 ಕೋಟಿ ಸ್ಯಾಂಪಲ್ ಇಟ್ಟುಕೊಳ್ಳುವ ಜಾಗವಿದ್ದರೆ ಆ ವೇಗದಲ್ಲಿ 28 ಮಿಲಿಸೆಕೆಂಡು ಹಿಡಿಯುತ್ತದೆ. ವೇಗವನ್ನು 2 ಕೋಟಿಗೆ ಇಳಿಸಿದರೆ 1.4 ಸೆಕೆಂಡು. ತೋಟದಲ್ಲಿ ವೋಲ್ಟೇಜಿನ ಹಳ್ಳವನ್ನೂ ಕಡಿದುಹೋದ ಮಾತನ್ನೂ ಒಂದೇ ಹಿಡಿತದಲ್ಲಿ ಕಂಡದ್ದು ಈ ಜಾಗದಿಂದ. ಕೆಲವೇ ಸಾವಿರ ಸ್ಯಾಂಪಲ್ ಇಟ್ಟುಕೊಳ್ಳುವ ಸ್ಕೋಪಿನಲ್ಲಿ ಒಂದು ಕಂಡರೆ ಇನ್ನೊಂದು ಹೊರಗೆ. ಇನ್ನೊಂದು ಮಾತು: ಡಬ್ಬದ ಮೇಲಿನ ಸ್ಯಾಂಪಲ್ ವೇಗ ಒಂದೇ ಚಾನೆಲ್ ತೆರೆದಾಗಿನದು. ನಾಲ್ಕೂ ತೆರೆದರೆ ಸಾಮಾನ್ಯವಾಗಿ ಅದು ಹಂಚಿಹೋಗಿ ಒಂದೊಂದಕ್ಕೆ 25 ಕೋಟಿ ಉಳಿಯುತ್ತದೆ.

ಈಗ ಅರ್ಥಿಂಗಿನ ವಿಚಾರ. ಇದನ್ನು ಓದುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು. ಲ್ಯಾಬಿನ ಸಿ.ಆರ್.ಓ.ದ ಪ್ರೋಬಿನ ಕಪ್ಪು ಕ್ಲಿಪ್ಪು ಮೂರು ಪಿನ್ನಿನ ಪ್ಲಗ್ಗಿನ ಮೂಲಕ ನೆಲದ ಅರ್ಥಿಗೇ ಸೇರಿರುತ್ತದೆ. ಎಸ್‌ಎಂಪಿಎಸ್‌ನ ಕರೆಂಟಿನ ಕಡೆಯ ಭಾಗಕ್ಕೆ ಆ ಕ್ಲಿಪ್ಪು ತಾಗಿಸಿದರೆ ಕಿಡಿ, ಸದ್ದು, ಎಂಸಿಬಿ ಬೀಳುವುದು. ಬ್ಯಾಟರಿಯ ಟ್ಯಾಬ್ಲೆಟ್ಟಿಗೆ ಈ ನಂಟಿಲ್ಲ. ಅದು ತೇಲುತ್ತದೆ. ಕ್ಲಿಪ್ಪನ್ನು ಸರ್ಕ್ಯೂಟಿನ ಯಾವ ಬಿಂದುವಿಗೂ ಹಾಕಬಹುದು, ಏನೂ ಸಿಡಿಯುವುದಿಲ್ಲ. ಮಾರುವವರು ಇದನ್ನು ದೊಡ್ಡ ಸೌಲಭ್ಯವೆಂದು ಹೇಳುತ್ತಾರೆ, 12 ವೋಲ್ಟು, 24 ವೋಲ್ಟಿನ ಕೆಲಸದಲ್ಲಿ ಅದು ಸೌಲಭ್ಯವೇ ಹೌದು. ಆದರೆ ಕ್ಲಿಪ್ಪು ಫೇಸಿಗೆ ತಾಗಿದ ಗಳಿಗೆಯಲ್ಲಿ ನಾಲ್ಕೂ ಚಾನೆಲಿನ ಲೋಹದ ಸಾಕೆಟ್ಟುಗಳು, ಉಳಿದ ಪ್ರೋಬುಗಳ ಕಪ್ಪು ಕ್ಲಿಪ್ಪುಗಳು, ಪಕ್ಕದ ಯುಎಸ್‌ಬಿ ತೂತಿನ ಅಂಚು, ಎಲ್ಲವೂ ಒಟ್ಟಿಗೆ ಫೇಸಾಗುತ್ತವೆ. ಒಳಗೆ ಅವೆಲ್ಲ ಒಂದೇ. ಎಂಸಿಬಿ ಬೀಳಲಿಲ್ಲವೆಂಬ ಧೈರ್ಯದಲ್ಲಿ ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಂಡವರ ಮೈಯೇ ದಾರಿಯಾಗುತ್ತದೆ. ಚಾರ್ಜರಿಗೋ ಕಂಪ್ಯೂಟರಿಗೋ ಸೇರಿಸಿದ ಮೇಲಂತೂ ತೇಲುವ ಮಾತೇ ಮುಗಿಯಿತು.

ನಮ್ಮ ಮನೆಯ 230 ವೋಲ್ಟಿನ ಶಿಖರ 325 ವೋಲ್ಟು. ಪಂಪ್ ಶೆಡ್ಡಿನಲ್ಲಿ ಎರಡು ಫೇಸುಗಳ ನಡುವಿನ 415ರ ಶಿಖರ 587. ಹವ್ಯಾಸಿಗಳ ಸಾಧಾರಣ ಪ್ರೋಬಿನ ಮಿತಿ ಹತ್ತಕ್ಕೊಂದರಂತೆ ಇಳಿಸುವ ಸ್ಥಾನದಲ್ಲಿಟ್ಟಾಗಲೂ ಸಾಮಾನ್ಯವಾಗಿ 600ರ ಆಸುಪಾಸು, ಅಗ್ಗದ ಸ್ಕೋಪುಗಳದ್ದು ಇನ್ನೂ ಕಡಿಮೆ. ಆದ್ದರಿಂದ ಆ ಶೆಡ್ಡಿನಲ್ಲಿ ನಾನು ಸ್ಟಾರ್ಟರಿನ ಮುಚ್ಚಳ ತೆರೆಯಲಿಲ್ಲ, ಹುಡುಗನಿಗೂ ತೆರೆಯಲು ಬಿಡಲಿಲ್ಲ. ಕರೆಂಟಿನ ಕಡೆ ನೋಡಲೇಬೇಕಾದರೆ ಅದಕ್ಕೆಂದೇ ಡಿಫರೆನ್ಷಿಯಲ್ ಪ್ರೋಬ್ ಇದೆ. ಅದಕ್ಕೆ ದುಡ್ಡು ಕೂಡಿಸಿ, ನಾಲ್ಕು ಚಾನೆಲ್ಲಿನ ಬದಲು ಎರಡು ಚಾನೆಲ್ಲಿನ ಸ್ಕೋಪು ಕೊಂಡರೂ ಅಡ್ಡಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಟಚ್ ಪರದೆಯ ಬಗ್ಗೆ ಕೇಳಿದರೆ, ಕರ್ಸರ್ ಎಳೆಯಲು, ಹಿಗ್ಗಿಸಲು, ಟ್ರಿಗರ್ ಮಟ್ಟ ಸರಿಸಲು ಅದರಷ್ಟು ಸಲೀಸು ಬೇರೊಂದಿಲ್ಲ. ವೋಲ್ಟು, ಟೈಮ್‌ಬೇಸ್ ಬದಲಿಸಲು ಮಾತ್ರ ಗುಬುಟೇ ವಾಸಿ. ಎಡಗೈಯಲ್ಲಿ ಪ್ರೋಬು ಹಿಡಿದು ಕಣ್ಣು ಅದರ ತುದಿಯಲ್ಲಿಟ್ಟಾಗ ಬಲಗೈ ಗುಬುಟನ್ನು ನೋಡದೆಯೇ ಹುಡುಕಿಕೊಳ್ಳುತ್ತದೆ. ಗಾಜಿನ ಮೇಲೆ ಹುಡುಕಿಕೊಳ್ಳಲಾರದು. ಕೆಲವು ಟ್ಯಾಬ್ಲೆಟ್ಟುಗಳು ಅಂಚಿನಲ್ಲಿ ಗುಂಡಿಗಳನ್ನು ಉಳಿಸಿಕೊಂಡಿವೆ, ಅಂಥದ್ದನ್ನೇ ಆರಿಸಬೇಕು. ಎಂಟು ಬಿಟ್ಟಿನ ಸ್ಕೋಪು ಒಂದು ಚೌಕಕ್ಕೆ 1 ವೋಲ್ಟು ಇಟ್ಟಾಗ ಸುಮಾರು 31 ಮಿಲಿವೋಲ್ಟಿನ ಮೆಟ್ಟಿಲುಗಳಲ್ಲಿ ನೋಡುತ್ತದೆ, ಹನ್ನೆರಡು ಬಿಟ್ಟಿನದು 2 ಮಿಲಿವೋಲ್ಟಿನಲ್ಲಿ. ಆಡಿಯೋ ಕೆಲಸ ಮಾಡುವವರಿಗೆ ಎರಡನೆಯದು ಬೇಕು, ಉಳಿದವರಿಗೆ ಎಂಟು ಸಾಕು. ಕೊಂಡ ದಿನವೇ ಪ್ರೋಬನ್ನು ಸ್ಕೋಪಿನಲ್ಲೇ ಇರುವ 1 ಕಿಲೋಹರ್ಟ್ಸ್‌ನ ಚೌಕ ಅಲೆಗೆ ಹಾಕಿ, ಪ್ರೋಬಿನ ಸಣ್ಣ ತಿರುಪನ್ನು ಮೂಲೆಗಳು ನೇರವಾಗುವ ತನಕ ತಿರುಗಿಸಬೇಕು. ಇದೊಂದನ್ನು ಮಾಡದಿದ್ದರೆ ಎಷ್ಟು ಬೆಲೆಯ ಸ್ಕೋಪಾದರೂ ತಪ್ಪು ಚಿತ್ರವನ್ನೇ ತೋರಿಸುತ್ತದೆ.

ಇಷ್ಟಕ್ಕೂ ದುಡ್ಡು ಹೊಂದದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಎಕ್ಸ್‌ಪ್‌ಐಸ್ ಬಗ್ಗೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಹುಟ್ಟಿದ ಪುಟ್ಟ ಪೆಟ್ಟಿಗೆ ಅದು. ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಸೇರಿಸಿದರೆ 16 ವೋಲ್ಟಿನವರೆಗಿನ ನಿಧಾನದ ಸಿಗ್ನಲ್ಲುಗಳನ್ನು ಚೆನ್ನಾಗಿ ತೋರಿಸುತ್ತದೆ. ಅದರ ವಿನ್ಯಾಸವೂ ತಂತ್ರಾಂಶವೂ ಎಲ್ಲರಿಗೂ ತೆರೆದದ್ದು. ನಾಲ್ಕೈದು ಜನ ಭುಜದ ಮೇಲಿಂದ ಇಣುಕಬೇಕಾದ ಲ್ಯಾಬುಗಳಲ್ಲಿ ಇಂಥ ಪೆಟ್ಟಿಗೆ ಒಬ್ಬೊಬ್ಬರ ಮುಂದೆ ಒಂದೊಂದು ಇದ್ದರೆ ಎಷ್ಟು ಚೆನ್ನ.

ಪಂಪು ಚಾಲೂ ಆದ ಸುದ್ದಿ ಮೇಲಿನ ಮನೆಗೆ ಮುಟ್ಟಿ, ಸಂಜೆ ಕಾಫಿಯ ಹೊತ್ತಿಗೆ ಪಕ್ಕದ ತೋಟದವರು ಬಂದರು. ಅವರ ಸೋಲಾರ್ ಬೇಲಿಯ ಮಷಿನ್ನು ಹೊಡೆತ ಕಮ್ಮಿ ಮಾಡಿದೆಯಂತೆ, ಕಾಡುಹಂದಿ ಒಳಗೆ ಬರುತ್ತಿದೆಯಂತೆ, ಈ ಟಿವಿಯನ್ನು ಅದಕ್ಕೂ ಹಿಡಿದು ನೋಡಬಹುದಾ ಎಂದು ಕೇಳಿದರು. ಬೇಲಿಯ ತಂತಿಯಲ್ಲಿ ಸೆಕೆಂಡಿಗೊಂದು ಸಲ ಹೋಗುವ ಹೊಡೆತ ಹಲವು ಸಾವಿರ ವೋಲ್ಟಿನದು. ಅದಕ್ಕೆ ಸಾವಿರಕ್ಕೊಂದರಂತೆ ಇಳಿಸುವ ಹೈ ವೋಲ್ಟೇಜ್ ಪ್ರೋಬು ಬೇಕು, ನನ್ನ ಚೀಲದಲ್ಲಿ ಇರಲಿಲ್ಲ. ಮಷಿನ್ನಿನ ಒಳಗಿನ ಕೆಪಾಸಿಟರು ಕೂಡ ಸ್ವಿಚ್ಚು ಆರಿಸಿದ ಮೇಲೂ ಹೊಡೆಯುವಂಥದ್ದು, ಮುಚ್ಚಳ ತೆಗೆಯುವ ಮಾತಿಲ್ಲ ಎಂದೆ. ಆದರೆ ಹೊರಗಿನ ಬ್ಯಾಟರಿಯ 12 ವೋಲ್ಟು ನಮ್ಮ ಕೈಗೆಟುಕುವಂಥದ್ದು. ಪ್ರತಿ ಹೊಡೆತದ ನಂತರ ಮಷಿನ್ನು ಮತ್ತೆ ಕರೆಂಟು ಎಳೆದುಕೊಳ್ಳುವಾಗ ಆ 12 ಎಷ್ಟಕ್ಕೆ ಇಳಿಯುತ್ತದೆಂದು ನೋಡಿದರೆ, ಸೋತಿರುವುದು ಬ್ಯಾಟರಿಯೋ ಮಷಿನ್ನೋ ಎಂಬುದಾದರೂ ತಿಳಿಯುತ್ತದೆ. “ಹಾಗಾದ್ರೆ ಬೆಳಿಗ್ಗೆ ಮಂಜು ಇಳಿದ ಮೇಲೆ ಬನ್ನಿ, ತಿಂಡಿ ಅಲ್ಲೇ” ಎಂದು ಹೇಳಿ ಅವರು ಎದ್ದರು. ನಾನು ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿದೆ.